ಮೂರೆಳೆ ಉಲ್ಲನ್

"ಮಫ್ಲರ್‌ಗೆ ಇದು ಬ್ಯಾಡ ಕಣಮ್ಮ, ನಾಕೆಳೇದು ತಗಳಿ," ಎಂದರು ಅಂಗಡಿಯ ಶೆಟ್ಟರು. "ಇದು ಮೂರೆಳೇದು, ಎಳೆಕೂಸುಗಳಿಗೆ ಆಗೋದು."

"ನಮ್ಮೋರಿಗೆ ದಪ್ಪ ದಾರ ಕತ್ತು ಚುಚ್ತದೆ," ಎಂದಳು ನೀಲಗಂಗಮ್ಮ, ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತ. ಏಳು ತಿಂಗಳ ಹೊಟ್ಟೆ ಸೆರಗಿಗೆಲ್ಲಿ ಅಡಗೀತು? ಶೆಟ್ಟರು ನೋಡಿಯೂ ನೋಡದವರಂತೆ ತಕ್ಕಡಿ ಎತ್ತಿದರು. ಚನ್ನರಾಯಪಟ್ಟಣದ ಅಂಗಡಿಗಳಿಗೆ ಗ್ರಾಮಿನ ಹೊಸ ಬಟ್ಟುಗಳು ಬಂದಿದ್ದರೂ ಅವರ ಬಾಯಲ್ಲಿ ಇನ್ನೂ ಔನ್ಸೇ. ಅವಳು ಕೆನೆಬಣ್ಣದ ಲಡಿಯನ್ನು ಕೆನ್ನೆಗೆ ಒತ್ತಿ ನೋಡಿದಳು. ಚುಚ್ಚಲಿಲ್ಲ.

ಸುಳ್ಳು ಹೇಳದೆ ವಿಧಿಯಿರಲಿಲ್ಲ. ಹುಟ್ಟದ ಮಗುವಿಗೆ ಬಟ್ಟೆ ಹೊಲಿಯಬಾರದು, ತೊಟ್ಟಿಲು ತರಬಾರದು ಎನ್ನುವುದು ಅವರ ಮನೆಯ ಕಟ್ಟು. ಹಿಂದೆ ಎರಡು ಸಲ ಬಸಿರು ಇಳಿದುಹೋದ ಮೇಲಂತೂ ಅತ್ತೆ ಬಸವಲಿಂಗಮ್ಮ ಮಗುವಿನ ಮಾತನ್ನೇ ಆಡಗೊಡುತ್ತಿರಲಿಲ್ಲ. ಇದೂ ಉಳಿಯದಿದ್ದರೆ ಎಂಬ ಭಯ ನೀಲಗಂಗಮ್ಮನಿಗೂ ಇತ್ತು. ಕೈ ಸುಮ್ಮನಿದ್ದರೆ ಆ ಭಯ ಇಮ್ಮಡಿಯಾಗುತ್ತಿತ್ತು, ಅಷ್ಟೆ.

ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಅವಳು ಹೆಣಿಗೆ ಹಿಡಿಯುತ್ತಿದ್ದಳು. ಸಣ್ಣ ದಾರ, ಸಣ್ಣ ಕಡ್ಡಿ; ಎಷ್ಟು ಹೆಣೆದರೂ ಬೆರಳಗಲ ಏಳುತ್ತಿರಲಿಲ್ಲ. ಅಂತೂ ಬೆನ್ನು, ಎದೆ ಮುಗಿಸಿ ಒಂದು ತೋಳನ್ನು ಹೊಲಿದು ಸೇರಿಸಿದ ದಿನ, ಬಸವಲಿಂಗಮ್ಮ ಎದ್ದು ಬಂದು ಹಿಂದೆ ನಿಂತಿದ್ದು ಅವಳಿಗೆ ತಿಳಿಯಲೇ ಇಲ್ಲ.

"ಏನವ್ವ ಅದು?"

"ನಿಮ್ಮ ಮಗಂಗೆ ಮಫ್ಲರ್ ಕಣತ್ತೆ."

"ಮಫ್ಲರ್‌ಗೆ ತೋಳು ಯಾವತ್ತಿಂದ ಬಂತು?"

ನೀಲಗಂಗಮ್ಮ ಹೆಣಿಗೆಯನ್ನು ಕೆಳಗಿಟ್ಟಳು. ಬಿಚ್ಚು ಎಂದರೆ ಬಿಚ್ಚಲೇಬೇಕು. ಬಸವಲಿಂಗಮ್ಮ ಸ್ವೆಟರನ್ನು ಕೈಗೆತ್ತಿಕೊಂಡು, ಆ ಪುಟ್ಟ ತೋಳಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು.

"ಇನ್ನೊಂದು ತೋಳು ಆಕಬ್ಯಾಡ," ಎಂದಳು. "ಇಂಗೇ ಇರ್ಲಿ. ಅರೆಬರೆ ಇರೋದನ್ನ ಯಾರೂ ಬಟ್ಟೆ ಅನ್ನಕಿಲ್ಲ. ಕೂಸು ಕೈಗೆ ಬಂದ್ಮೇಲೆ ಮುಗ್ಸೀಯಂತೆ."

ನೀಲಗಂಗಮ್ಮ ಮಿಕ್ಕ ದಾರವನ್ನು ಉಂಡೆ ಸುತ್ತಿ ಎತ್ತಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ಪುಷ್ಯದ ಚಳಿಯಲ್ಲಿ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿಯೇ ಕೂಗಿತು. ಪದ್ಧತಿಯಂತೆ ಮೊದಲು ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದಾಯಿತು. ಆದರೆ ಬಾಣಂತಿ ಕಣ್ಣಿಗೆ ಕೆಲಸ ಕೊಡಬಾರದಲ್ಲ, ಕಡ್ಡಿ ಮುಟ್ಟಕೂಡದೆಂದು ಬಸವಲಿಂಗಮ್ಮನದೇ ಅಪ್ಪಣೆಯಾಯಿತು. ಹಾಗಾದರೆ ತೋಳಿನ ಗತಿ?

"ನೀನು ಬಾಯಲ್ಲಿ ಏಳು, ನಾನು ಆಕ್ತೀನಿ," ಎಂದು, ಹುಟ್ಟಿದಾಗಿನಿಂದ ಹೆಣಿಗೆಕಡ್ಡಿ ಹಿಡಿಯದ ಹೆಂಗಸು ಮಂಚಕ್ಕೆ ಒತ್ತಿಕೊಂಡು ಕೂತಳು.

"ದಾರ ಮುಂದಕ್ಕೆ ತಗೊಳಿ ಅತ್ತೆ. ಅಯ್ಯೋ, ಅದು ಜಾರ್ತು."

"ಜಾರ್ಲಿ ಬುಡು. ಎಷ್ಟು ಸಣ್ಣಗದೆ, ಆಳಾದ್ದು."

ಇಬ್ಬರ ನಡುವೆ ಮಗು ಮಲಗಿತ್ತು. ಅದರ ಒಂದು ಕೈ ಸ್ವೆಟರಿನ ತೋಳಿನೊಳಗೆ ಬೆಚ್ಚಗಿತ್ತು. ಇನ್ನೊಂದು ಬರಿಗೈ, ಹಾಸಿಗೆಯ ಮೇಲೆ ಹಾದುಹೋಗುತ್ತಿದ್ದ ದಾರವನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಿತ್ತು. ಬಸವಲಿಂಗಮ್ಮ ದಾರವನ್ನು ಎಳೆಯಲಿಲ್ಲ. ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು, ಅದು ತಾನಾಗಿ ಬಿಡಲೆಂದು ಕಾಯುತ್ತ ಕೂತಳು.