ಅರ್ಧ ಮನೆಯ ಉಯಿಲು

"ನಾನು ಸತ್ತರೆ ಈ ಮನೇಲಿ ಯಾರನ್ನ ಇಟ್ಕೊಳ್ತಾರೆ, ಯಾರನ್ನ ದಬ್ಬುತ್ತಾರೆ?"

ಬಡಗಿ ಇದನ್ನು ಯಾರನ್ನೂ ಕೇಳಲಿಲ್ಲ. ಉಳಿಯ ಬಾಯನ್ನು ಕಲ್ಲಿಗೆ ಉಜ್ಜುತ್ತ, ಉಜ್ಜಿದ ಸದ್ದಿಗೇ ಹೇಳುವವನಂತೆ ಅಂದ. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿಯ ಕಿವಿಗೆ ಬಿತ್ತು. ಮದುವೆಯ ಬಟ್ಟೆಯ ಗಂಜಿ ಇನ್ನೂ ಹೋಗಿರಲಿಲ್ಲ, ಗಂಡನ ಬಾಯಲ್ಲಿ ಸಾವಿನ ಮಾತು. ಕಾರಣವಿತ್ತು. ಅಂದು ಬೆಳಿಗ್ಗೆ ಎದುರುಮನೆಯ ತೀರಿಕೊಂಡ ಲಾರಿ ಡ್ರೈವರನ ಹೆಂಡತಿಯನ್ನು, ಅವನನ್ನು ಮಣ್ಣು ಮಾಡಿ ಬಂದ ಮೈದುನಂದಿರೇ ಜುಟ್ಟು ಹಿಡಿದು ಬೀದಿಗೆ ಎಳೆದಿದ್ದರು. ಅವಳ ಟ್ರಂಕು ಚರಂಡಿಯಲ್ಲಿ ಬಾಯಿಬಿಟ್ಟುಕೊಂಡು ಬಿದ್ದಿತ್ತು.

ಮರುದಿನ ಗಂಡಹೆಂಡಿರು ವಕೀಲರ ಬಳಿ ಹೋದರು. ಕೆಳಗೆ ಮರಗೆಲಸದ ಅಂಗಡಿ, ಮೇಲೆ ವಾಸ. ಅಪ್ಪ ಬಿಟ್ಟುಹೋದ ಆ ಕಟ್ಟಡದಲ್ಲಿ ಅಣ್ಣನಿಗರ್ಧ, ತಮ್ಮನಾದ ಬಡಗಿಗರ್ಧ. ತಮ್ಮನ ಅರ್ಧ ಅವನ ನಂತರ ಹೆಂಡತಿಗೆ ಎಂದು ಉಯಿಲು ಸಿದ್ಧವಾಯಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿಯಾಗಬೇಕು, ಹೊರಗಿನವರಾದರೆ ಒಳ್ಳೆಯದು ಎಂದು ವಕೀಲರು ಹೇಳಿದರು. ಬಡಗಿ ತಲೆಯಾಡಿಸಿ, ಕಾಗದ ಮಡಚಿಕೊಂಡು ಮನೆಗೇ ತಂದ. ಅಣ್ಣನೇ ಸಾಕ್ಷಿಯಾದರೆ ನಾಳೆ ಜಗಳಕ್ಕೆ ಜಾಗವೆಲ್ಲಿ ಎಂಬುದು ಅವನ ಲೆಕ್ಕ. ಹೆಂಡತಿ ಬೇಡವೆಂದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು, ಹುಲಿಯೇನಲ್ಲ ಎಂದು ನಕ್ಕುಬಿಟ್ಟ.

ಕಬ್ಬಿಣದ ಹಾರೆಯಂಥ ಅಣ್ಣನನ್ನು ಬೀದಿಯವರೆಲ್ಲ ಗಡಾರಿ ಎಂದೇ ಕರೆಯುತ್ತಿದ್ದರು. ಗಡಾರಿ ಕಾಗದವನ್ನು ನಿಧಾನವಾಗಿ ಓದಿದ.

"ಭೇಷ್ ಕಣೋ. ಹೊಸ ಹಾಸಿಗೆ ಬೆಚ್ಚಗಾಗೋ ಮೊದಲೇ ಚಟ್ಟಕ್ಕೆ ಅಳತೆ ಕೊಟ್ಟಿದ್ದೀಯ. ಅವಳು ತಾನೆ ಬರೆಸಿದ್ದು?"

"ನಾನೇ ಬರೆಸಿದ್ದು ಅಣ್ಣ. ನೀನು ಬರೀ ಸಾಕ್ಷಿ."

"ಯಾವ ಕೈಲಿ ಸಹಿ ಹಾಕ್ತೀಯ? ತೋರಿಸು."

ತಮ್ಮ ತಮಾಷೆಯೆಂದುಕೊಂಡು ಬಲಗೈ ಚಾಚಿದ. ಚಾಚಿದ ಕೈ ಹಿಂದೆ ಬರಲಿಲ್ಲ. ಗಡಾರಿ ಮಣಿಕಟ್ಟನ್ನು ಕೆಲಸದ ಮೇಜಿಗೆ ಒತ್ತಿಹಿಡಿದು, ಉಳಿ ಬಡಿಯುವ ಕೊಡತಿ ಎತ್ತಿ ಬೆರಳುಗಳ ಮೇಲೆ ಇಳಿಸಿದ. ಹಸಿ ಕಡ್ಡಿ ಮುರಿದಂಥ ಸದ್ದು. ಮತ್ತೆ ಎತ್ತಿದ, ಮತ್ತೆ ಇಳಿಸಿದ. ಅಪ್ಪನ ಬೆವರು ಎಂದೊಮ್ಮೆ, ನನ್ನ ಬೆವರು ಎಂದೊಮ್ಮೆ, ಏಟಿಗೊಂದು ಮಾತು, ಮಾತಿಗೊಂದು ಏಟು. ಮೇಜಿನ ಕೆಳಗಿನ ಮರದ ಪುಡಿ ರಕ್ತ ಕುಡಿದು ಮುದ್ದೆಯಾಯಿತು. ಉಯಿಲೂ ಅದರಲ್ಲೇ ಬಿತ್ತು.

ಹೆಂಡತಿ ಮೆಟ್ಟಿಲಿಳಿದು ಓಡಿಬಂದು ಗಡಾರಿಯ ತೋಳಿಗೆ ಹಲ್ಲು ಹಾಕಿದಳು. ಅವನು ಕೊಡವಿದ ರಭಸಕ್ಕೆ, ಅರ್ಧ ಮುಗಿದ ಕಪಾಟಿನ ಮೂಲೆ ಅವಳ ಹುಬ್ಬನ್ನು ಸೀಳಿತು. ಬಿದ್ದವಳು ಕೈಗೆ ಸಿಕ್ಕ ಮರದ ರೀಪನ್ನೆಳೆದು ಅವನ ಮೊಣಕಾಲಿಗೆ ಬೀಸಿದಳು. ಗಡಾರಿ ಕುಸಿದ. ಕುಸಿಯುವಾಗಲೂ ಕೊಡತಿ ಬಿಡಲಿಲ್ಲ. ಕೊನೆಯ ಏಟು ಮೇಜಿನ ಬುಡದಲ್ಲಿ ಬಿದ್ದಿದ್ದ ತಮ್ಮನ ತಲೆಗೆ ಬಿತ್ತು. ಬೀದಿಯವರು ನುಗ್ಗಿ ಬಿಡಿಸುವಷ್ಟರಲ್ಲಿ ಬಡಗಿಯ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಮೊದಲು ಕೇಳಿದ್ದು ನೀರನ್ನಲ್ಲ, ಉಯಿಲನ್ನು. ಬಲಗೈಯ ಬೆರಳು ಉಳಿಯುವುದಿಲ್ಲವೆಂದು ವೈದ್ಯರು ಆಗಲೇ ಹೇಳಿದ್ದರು. ತಲೆಯೊಳಗೂ ರಕ್ತ ಕಟ್ಟಿತ್ತು. ವಕೀಲರು ಹೊಸ ಪ್ರತಿ ತಂದರು. ಸಹಿ ಮಾಡುವ ಕೈ ಹೋದರೇನು, ಹೆಬ್ಬೆಟ್ಟಿಗೂ ಅಷ್ಟೇ ಬೆಲೆ ಎಂದರು. ಬುದ್ಧಿ ನೆಟ್ಟಗಿದೆಯೇ ಎಂದು ವೈದ್ಯರು ಮಾತಾಡಿಸಿ ನೋಡಿದ ಮೇಲೆ ಬಡಗಿ ಎಡಗೈ ಹೆಬ್ಬೆಟ್ಟು ಒತ್ತಿದ. ವೈದ್ಯರೂ ನರ್ಸೂ ಸಾಕ್ಷಿ ಹಾಕಿದರು. ಕೂಡಲೇ ಅವನನ್ನು ಆಪರೇಷನ್ನಿಗೆ ಒಳಗೆ ತೆಗೆದುಕೊಂಡುಹೋದರು. ಬದುಕುತ್ತಾನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು, ಹುಬ್ಬಿಗೆ ಹೊಲಿಗೆ. ಹೇಳಿಕೆ ಬರೆದುಕೊಳ್ಳಲು ಪಕ್ಕದ ಕೊಠಡಿಗೆ ಪೊಲೀಸರು ಬಂದಿದ್ದರು. ಅಷ್ಟರಲ್ಲಿ ಗಡಾರಿ ಗೋಡೆ ಹಿಡಿದು ಕುಂಟುತ್ತ ಬಂದ. ಶರಟು ಬದಲಾಯಿಸಿದ್ದ, ಉಗುರಿನ ಸಂದಿ ಇನ್ನೂ ಕೆಂಪಗಿತ್ತು. ಕಣ್ಣಿಗೆ ಕತ್ತಲೆ ಕವಿದಿತ್ತು, ಕೈ ನನ್ನ ಮಾತು ಕೇಳಲಿಲ್ಲ ಎಂದ. ನಾನು ಜೈಲಿಗೆ ಹೋದರೆ ಅಂಗಡಿ ಮುಚ್ಚುತ್ತದೆ, ನಿನ್ನ ಗಂಡನ ಔಷಧಿಗೆ ದುಡಿಯುವವರು ಯಾರು ಎಂದ. ಅವಳು ಪೊಲೀಸರಿದ್ದ ಕೊಠಡಿಯ ಕಡೆ ನೋಡಿದಳು. ಆಗ ವಯಸ್ಸು ಮರೆತು ಕೈಮುಗಿದ.

"ಹಲಗೆ ಜಾರಿ ಬಿತ್ತು ಅಂದುಬಿಡಮ್ಮ. ನನ್ನ ಅರ್ಧಾನೂ ನಿನ್ನ ಹೆಸರಿಗೇ ಬರೆದುಕೊಡ್ತೀನಿ. ಇಡೀ ಮನೆ ನಿಂದೇ."

ಅವಳು ಎದ್ದು ಆ ಕೊಠಡಿಯ ಬಾಗಿಲನ್ನು ತಳ್ಳಿ, ಹೊಸ್ತಿಲಲ್ಲೇ ನಿಂತು ಅವನ ಕಡೆ ತಿರುಗಿದಳು.

"ಅನ್ನಲ್ಲ ಭಾವ. ನೀವು ಹೊಡೆದಿದ್ದನ್ನ ಹೊಡೆದ ಹಾಗೇ ಹೇಳ್ತೀನಿ."