ಕಾಣುತ್ತೆ ಅಂತ ಅನ್ನಿಸುತ್ತೆ

ಕನ್ನಡಕದ ಅಂಗಡಿಯ ಅಕ್ಕ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒರೆಸಲೆಂದು ಇಳಿಸಿದ್ದ ಅಕ್ಷರಗಳ ಪಟವನ್ನು ಅವಳು ಮರೆತು ಹಿಂದುಮುಂದಾಗಿ ತೂಗುಹಾಕಿದ್ದಳು. ಎದುರು ಕುರ್ಚಿಯಲ್ಲಿ ಕುಳಿತ ತಮ್ಮ ಆ ಖಾಲಿ ಬಿಳಿ ಬೆನ್ನನ್ನು ನೋಡುತ್ತ, ಮೇಲಿನಿಂದ ಕೆಳಗಿನವರೆಗೆ ಒಂದೂ ತಪ್ಪಿಲ್ಲದೆ ಓದಿಬಿಟ್ಟ! ಹನ್ನೊಂದು ವರ್ಷದಿಂದ ಅದೇ ಪಟ, ಬಾಯಿಪಾಠವಾಗದೆ ಇನ್ನೇನಾದೀತು?

"ಪಟ ತಿರುಗಿದೆ ಕಣೋ. ಅಲ್ಲೇನೂ ಇಲ್ಲ."

ತಮ್ಮ ಒಂದು ಗಳಿಗೆ ಬೆಪ್ಪಾದ. ಆಮೇಲೆ, "ಇರಲಿ ಬಿಡು, ನನಗೆ ಚೆನ್ನಾಗೇ ಕಾಣುತ್ತೆ ಅಂತ ಅನ್ನಿಸುತ್ತಲ್ಲ," ಎಂದ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಏನು ಹೇಳುವುದು! ಪ್ರತಿ ಭಾನುವಾರ ಸಂಡೇ ಸ್ಕೂಲಿನ ಹದಿನಾಲ್ಕು ಮಕ್ಕಳನ್ನು ಚರ್ಚಿನ ವ್ಯಾನಿನಲ್ಲಿ ಕರೆತರುವವನು ಇವನೇ. ಚರ್ಚಿನವರು ವರ್ಷಕ್ಕೊಮ್ಮೆ ಕೇಳುವ ಕಣ್ಣಿನ ಸರ್ಟಿಫಿಕೇಟಿಗೆ ಅವಳು ಸಹಿ ಹಾಕಿದರೆ ಇನ್ನೊಂದು ವರ್ಷ ಓಡಿಸಬಹುದು.

"ಎರಡು ಕಣ್ಣಲ್ಲೂ ಪೊರೆ ಬಂದಿದೆ. ತೆಗೆಸ್ಕೋ, ಆಮೇಲೆ ಓಡಿಸು. ನಿನಗೆ ಅನ್ನಿಸಿದ್ದನ್ನ ಕೇಳಿ ಎದುರಿಗೆ ಬರೋ ಲಾರಿ ಪಕ್ಕಕ್ಕೆ ಹೋಗುತ್ತಾ?"

"ಆ ಮಕ್ಕಳು ಬಿಟ್ಟರೆ ನನಗೆ ಯಾರಿದ್ದಾರೆ ಅಕ್ಕ? ನಿನಗೆ ಪ್ರೀತಿನೇ ಇಲ್ಲ."

ಅವಳಿಗೆ ಅವನ ಮೇಲೆ ಕನಿಕರ ಬಂತು. ಅದಕ್ಕೇ ಸಿಟ್ಟು ಇನ್ನೂ ಏರಿತು. ಅಷ್ಟರಲ್ಲಿ ಅವನು ಪಾಸ್ಟರಿಗೆ ಫೋನ್ ಮಾಡಿ, ಅಳುದನಿಯಲ್ಲಿ ದೂರು ಹೇಳಿ, ಫೋನನ್ನು ಅವಳ ಕೈಗಿತ್ತ.

"ತುಂಬ ನೊಂದಿದ್ದಾನಮ್ಮ," ಎಂದರು ಪಾಸ್ಟರು. "ದೇವರು ನೋಡೋದು ಹೃದಯವನ್ನ. ಒಂದು ಸಹಿ ಹಾಕ್ಬಿಡಿ."

"ದೇವರು ಹೃದಯ ನೋಡಲಿ ಪಾಸ್ಟರ್. ನಾನು ನೋಡೋದು ಕಣ್ಣು," ಎಂದು ಅವಳು ಫೋನಿಟ್ಟಳು. ಸತ್ಯ ಒಂದೇ, ನಮ್ಮ ಮನಸ್ಸು ನೋಯುತ್ತದೆಂದು ದೇವರು ಅದನ್ನು ತಿದ್ದುವುದಿಲ್ಲ ಎಂದು ಚರ್ಚಿನ ಮಹಿಳಾ ಕೂಟದಲ್ಲಿ ಭಾಷಣ ಬಿಗಿದವಳು ಅವಳು.

"ಹೋದ ವರ್ಷ ಹಾಕಿದ್ಯಲ್ಲ ಸಹಿ?" ತಮ್ಮ ಗೊಣಗಿದ. "ಮೂರನೇ ಸಾಲು ಮರೆತುಹೋಗಿ ನಾನು ತಡವರಿಸಿದಾಗ ಮುಂದಿನ ಅಕ್ಷರ ಹೇಳ್ಕೊಟ್ಟವಳು ಯಾರು?"

ಅವಳೇ. ಅವನ ಮುಖ ಬಾಡಿದ್ದನ್ನು ನೋಡಲಾಗದೆ ಹೇಳಿಕೊಟ್ಟಿದ್ದಳು. ಅದನ್ನೇ ಪ್ರೀತಿ ಎಂದುಕೊಂಡಿದ್ದಳು. ಒಂದು ವರ್ಷದ ಭಾನುವಾರಗಳು, ಹದಿನಾಲ್ಕು ಮಕ್ಕಳು! ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಕಾಗದ ಎಳೆದುಕೊಂಡು ಪಾಸ್ಟರಿಗೆ ಮೂರು ಸಾಲು ಬರೆದಳು. ಸಹಿ ಹಾಕಿ ತಮ್ಮನ ಮುಂದೆ ತಳ್ಳಿದಳು.

ಅವನು ಅದನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ, ಕಿಟಕಿಯ ಬೆಳಕಿಗೆ ತಿರುಗಿಸಿದ. ಕೊನೆಗೆ ತಲೆ ಎತ್ತದೆ ಅವಳಿಗೇ ಚಾಚಿದ.

"ನೀನೇ ಓದಕ್ಕ. ನಂಗೆ ಕಾಣ್ತಿಲ್ಲ."

ಅವಳು ಓದಿದಳು: "ನನ್ನ ತಮ್ಮನ ಕಣ್ಣು ವ್ಯಾನು ಓಡಿಸುವಷ್ಟಿಲ್ಲ. ಹೋದ ವರ್ಷವೂ ಇರಲಿಲ್ಲ. ಗೊತ್ತಿದ್ದೂ ನಾನು ಸುಳ್ಳು ಸಹಿ ಹಾಕಿದೆ."

"ಕೊನೇ ಸಾಲು ಹೊಡೆದುಹಾಕು. ಚರ್ಚಲ್ಲಿ ನಿನ್ನ ಮಾನ ಹೋಗುತ್ತೆ."

"ಅದನ್ನ ಹೊಡೆದ್ರೆ ನಾನು ಮತ್ತೆ ಸುಳ್ಳಿ ಆಗ್ತೀನಿ."

ತಮ್ಮ ಕುರ್ಚಿಯಿಂದ ಎದ್ದ. ಆಮೇಲೆ ಜೇಬಿನಿಂದ ವ್ಯಾನಿನ ಕೀಲಿ ತೆಗೆದು ಕಾಗದದ ಮೇಲಿಟ್ಟ.

"ಎರಡನ್ನೂ ಒಟ್ಟಿಗೇ ಕೊಟ್ಟು ಬರೋಣ, ನಡಿ."