ಬೋಣಿಯ ಮೆಂತ್ಯ

ನನ್ನ ಕೈಗುಣ ಒಳ್ಳೆಯದೆಂದು ಇಡೀ ಗೋರ್ವಾ ಬಡಾವಣೆಯಲ್ಲಿ ಒಪ್ಪಿಕೊಂಡಿದ್ದವಳು ಒಬ್ಬಳೇ, ತರಕಾರಿ ಗಾಡಿಯ ಜಯಂತಿಬೆನ್. ನಮ್ಮ ಮನೆಯವರಂತೂ ಮದುವೆಯಾದಾಗಿನಿಂದ ಒಪ್ಪಿಲ್ಲ. ಬೆಳಿಗ್ಗೆ ಗಾಡಿ ನಮ್ಮ ಸೊಸೈಟಿಯ ಗೇಟಿಗೆ ಬಂದ ಕೂಡಲೇ ಆಕೆ "ಗಿರಿಜಾಬೆನ್, ಬೋಣಿ!" ಎಂದು ಕೂಗಬೇಕು, ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡಬೇಕು. ದಿನದ ಮೊದಲ ವ್ಯಾಪಾರ ನನ್ನ ಕೈಯಿಂದಲೇ ಆಗಬೇಕು. ಬೋಣಿಯಲ್ಲಿ ಚೌಕಾಸಿ ಮಾಡುವಂತಿಲ್ಲ, ಕೊಂಡ ಮಾಲು ವಾಪಸು ಕೊಡುವಂತೆಯೂ ಇಲ್ಲ. ನಾನು ಕೊಟ್ಟ ದುಡ್ಡನ್ನು ಆಕೆ ತಕ್ಕಡಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವಾಗ ನಾನು ಬೀಗುತ್ತಿದ್ದೆ. ಗದಗಿನಿಂದ ವಡೋದರಾಕ್ಕೆ ಬಂದು, ಗಂಡ ಫ್ಯಾಕ್ಟರಿಗೆ ಹೋದ ಮೇಲೆ ಮಾತಿಗೆ ಜನವಿಲ್ಲದ ನನಗೆ ಅದೊಂದು ಪದವಿಯೇ ಆಗಿತ್ತು.

ಎರಡು ಸಾವಿರದ ಮೂರರ ಚಳಿಗಾಲ ಅದು. ಗಾಡಿಯನ್ನು ಹಿಂದಿನಿಂದ ನೂಕುತ್ತಿದ್ದ ಜಯಂತಿಬೆನ್ ಸೊಸೆ ಮೀರಾ ಬಸುರಿ. ಹಿಂದಿನ ಸಲದ ಕೂಸು ಉಳಿದಿರಲಿಲ್ಲ. ಮೈಯಲ್ಲಿ ರಕ್ತವೇ ಇಲ್ಲ, ಗುಳಿಗೆ ಒಂದೇ ಸಾಲದು, ಸೊಪ್ಪು ತರಕಾರಿ ತಿನ್ನದಿದ್ದರೆ ಈ ಸಲವೂ ಕಷ್ಟ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರಂತೆ. ಅದನ್ನು ಮೀರಾ ನನಗೆ ಹೇಳಿದ್ದು ಎಲ್ಲಿ ನಿಂತು? ಮೆಂತ್ಯ, ಪಾಲಕ್, ಗಜ್ಜರಿಗಳ ರಾಶಿಯ ಹಿಂದೆ ನಿಂತು! ಅವಳ ತುಟಿ ಬಿಳಿಚಿಕೊಂಡಿತ್ತು.

"ಮತ್ತೆ ತಿನ್ನು!" ಎಂದೆ, ನನ್ನ ಹರಕುಮುರುಕು ಗುಜರಾತಿಯಲ್ಲಿ.

"ಇದು ಮಾರೋದಲ್ವಾ, ಬೆನ್?" ಎಂದಳು ಮೀರಾ, ನನಗೆ ಇಷ್ಟೂ ತಿಳಿಯದೇ ಎನ್ನುವಂತೆ.

ಮನೆಯಲ್ಲಿ ಅವಳು ತಿನ್ನುವುದು ರೋಟಲಾ ಎನ್ನುವ ಸಜ್ಜೆಯ ದಪ್ಪ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಚಹಾ. ಮಾರಿ ಉಳಿದ ಬಾಡಿದ ಸೊಪ್ಪನ್ನು ಸಂಜೆ ಬೇಯಿಸಿದರೂ ಮೊದಲು ಗಂಡಸರು, ಆಮೇಲೆ ಅತ್ತೆ, ಕೊನೆಗೆ ಇವಳು. ಇವಳು ಕೂರುವ ಹೊತ್ತಿಗೆ ಪಾತ್ರೆಗೆ ಅಂಟಿಕೊಂಡಿದ್ದೇ ಪಲ್ಯ. ಯಾರೂ ಕೆಟ್ಟವರಲ್ಲ. ಜಯಂತಿಬೆನ್ ಕೂಡ ಹಾಗೆಯೇ ಉಂಡು ಅತ್ತೆಯಾದವಳು.

ಮರುದಿನ ಬೋಣಿ ಮುಗಿಸಿದ ಮೇಲೆ ಇನ್ನೊಂದು ಕಟ್ಟು ಮೆಂತ್ಯ ಕೊಂಡು, ನೀನೇ ತಿನ್ನು ಎಂದು ಮೀರಾಳ ಕೈಗೆ ಕೊಟ್ಟೆ. ಒಳಗೆ ಬಂದು ಕಿಟಕಿಯಿಂದ ನೋಡುತ್ತೇನೆ, ಕಟ್ಟು ಮತ್ತೆ ರಾಶಿ ಸೇರಿದೆ! ನಾನು ನೋಡುತ್ತಿದ್ದಂತೆಯೇ ಪಕ್ಕದ ಮನೆಯವರ ಚೀಲಕ್ಕೂ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಊರ ಉಸಾಬರಿ ಎಲ್ಲಾ ನಿನಗ್ಯಾಕ?" ಎಂದರು ನಮ್ಮ ಮನೆಯವರು, ಚನ್ನಬಸಪ್ಪ.

"ಉಸಾಬರಿ ಅಲ್ರೀ, ಬಸರ ಹೆಂಗಸು. ಬಯಕಿ ಊಟಕ್ಕ ಕರೀತೀನಿ. ಬೇಯಿಸಿ ಎಡಿ ಮಾಡಿ ಬಡಿಸಿದ್ರ ಹೆಂಗ ಮಾರ್ತಾಳ ನೋಡೂಣು!"

ನಮ್ಮ ಕಡೆ ಬಸುರಿಯನ್ನು ನೆರೆಹೊರೆಯವರು ಮನೆಗೆ ಕರೆದು, ಬಯಸಿದ್ದನ್ನು ಉಣಿಸುತ್ತಾರೆ. ಮೊದಲ ತಟ್ಟೆ ಅವಳದೇ, ಅದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಇದನ್ನೆಲ್ಲ ಹೇಳಿದಾಗ ಜಯಂತಿಬೆನ್ ಮುಖ ಅರಳಿತು. ಒಳ್ಳೆಯ ಸೀರೆ ಉಟ್ಟು, ತೆಂಗಿನಕಾಯಿ ಹಿಡಿದು, ಸೊಸೆಯನ್ನು ಕರೆದುಕೊಂಡು ಬಂದಳು.

ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹೋಳಿಗೆ. ಪಕ್ಕದಲ್ಲಿ, ತೊಳೆದು ನೀರು ಸೋರಿಸಿದ ಹಸಿ ಮೆಂತ್ಯ, ಎಲೆಸಹಿತ ಎಳೆಯ ಮೂಲಂಗಿ, ಈರುಳ್ಳಿಯ ದಂಟು. ಚಳಿಗಾಲದಲ್ಲಿ ಹಸಿ ಸೊಪ್ಪಿನ ತಪ್ಪಲು ಇಲ್ಲದಿದ್ದರೆ ನಮಗೆ ರೊಟ್ಟಿ ಗಂಟಲಿಗೇ ಇಳಿಯುವುದಿಲ್ಲ. ಮೀರಾ ನನ್ನನ್ನು ನೋಡಿ, ರೊಟ್ಟಿಯ ಜೊತೆ ಮೆಂತ್ಯದ ಕುಡಿಯೊಂದನ್ನು ಬಾಯಿಗಿಟ್ಟಳು. ಅಗಿದಳು, ನಕ್ಕಳು, ಇನ್ನೊಂದಕ್ಕೆ ಕೈ ಚಾಚಿದಳು.

ಜಯಂತಿಬೆನ್ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಆಡಿಗೆ ಹಾಕೋ ಹಾಗೆ ನನ್ನ ಸೊಸೆಗೆ ಹಸಿ ಸೊಪ್ಪು ಹಾಕ್ತೀರಾ, ಬೆನ್? ನಾವು ಬಡವರು ನಿಜ. ಸೀಮೆಎಣ್ಣೆ ಇಲ್ಲದ ದಿನ ಒಣ ರೋಟಲಾ ತಿಂತೀವಿ. ಮೇವು ತಿನ್ನಲ್ಲ."

ನಮ್ಮ ಊರಿನ ಪದ್ಧತಿ ಎಂದು ಸಮಾಧಾನದಿಂದ ಹೇಳಬಹುದಿತ್ತು. ಸಮಾಧಾನ ನಮ್ಮ ಮನೆತನದಲ್ಲೇ ಇಲ್ಲ. "ಆಡಿಗಾದರೂ ಸೊಪ್ಪು ಸಿಗುತ್ತೆ, ಈ ಹುಡುಗಿಗೆ ಅದೂ ಇಲ್ಲ!" ಎಂದುಬಿಟ್ಟೆ.

ಆಕೆ ಎದ್ದಳು, ಸೊಸೆಯನ್ನೂ ಎಬ್ಬಿಸಿದಳು. ಮೀರಾ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ನನ್ನನ್ನಲ್ಲ, ತಟ್ಟೆಯನ್ನು.

ಮರುದಿನದಿಂದ ಗಾಡಿ ನಮ್ಮ ಗೇಟಿಗೆ ಬರಲಿಲ್ಲ. ಜಯಂತಿಬೆನ್ ಕೂಗು ಹಿಂದಿನ ಗಲ್ಲಿಯಿಂದ ಕೇಳುತ್ತಿತ್ತು. ನಾನು ಬೇರೆ ಕಡೆ ತಂದ ಸೊಪ್ಪನ್ನು ಸೋಸುತ್ತ ಕೂತರೆ ಆ ಹುಡುಗಿಯ ಬಿಳಿಚಿದ ತುಟಿಯೇ ಕಣ್ಣ ಮುಂದೆ ಬರುತ್ತಿತ್ತು. ಈ ಕೂಸೂ ಹೋದರೆ ಎಂದು ನೆನೆದಾಗಲೆಲ್ಲ ಸೋಸುವುದು ಬಿಟ್ಟು ಹಿಂದಿನ ಗಲ್ಲಿಯ ಕಡೆ ಕಿವಿಗೊಡುತ್ತಿದ್ದೆ. "ಹೋಗಿ ಮಾತಾಡಿ ಬಾ," ಎಂದು ಇವರು ಹೇಳಿದರೆ, "ನಾ ಯಾಕ ಹೋಗ್ಲಿ?" ಎಂದು ಇವರ ಮೇಲೆಯೇ ಹರಿಹಾಯುತ್ತಿದ್ದೆ. ಹೀಗೇ ಚಳಿಗಾಲ ಮುಗಿಯುತ್ತ ಬಂತು.

ಒಂದು ಬೆಳಿಗ್ಗೆ ಗೇಟಿನ ಬಳಿ ಗಾಡಿಯ ಚಕ್ರದ ಸದ್ದು. ಕೂಗಿಲ್ಲ. ನಾನು ಹಾಲು ಬಿಟ್ಟು ಓಡಿದೆ, ದುಡ್ಡು ಚಾಚಿದೆ.

ಜಯಂತಿಬೆನ್ ತಲೆಯಲ್ಲಾಡಿಸಿದಳು. "ಬೋಣಿ ಆಗಿಹೋಯ್ತು, ಬೆನ್."

ಇಷ್ಟು ದಿನವಾದರೂ ಸಿಟ್ಟು ಇಳಿದಿಲ್ಲ, ಬೋಣಿಗೆ ಬೇರೆ ಮನೆ ನೋಡಿಕೊಂಡಿದ್ದಾಳೆ ಎಂದುಕೊಂಡೆ. "ಯಾರ ಕೈಯಿಂದ?" ಎಂದೆ.

ಆಕೆ ಗದ್ದದಿಂದ ಹಿಂದಕ್ಕೆ ತೋರಿಸಿದಳು. ಮೀರಾ ನಿಂತಿದ್ದಳು. ಹೊಟ್ಟೆ ಚೆನ್ನಾಗಿ ಮುಂದೆ ಬಂದಿತ್ತು. ಕೈಯಲ್ಲಿ ರೋಟಲಾ, ಅದರೊಳಗೆ ಮಡಚಿದ ಹಸಿ ಮೆಂತ್ಯ. ಬಾಯಿ ತುಂಬಿಕೊಂಡೇ ನಕ್ಕಳು.

"ಆವತ್ತು ಮನೆಗೆ ಹೋದ ಮೇಲೆ, 'ಅಮ್ಮಾ, ಆ ಸೊಪ್ಪು ಬೇಕು' ಅಂದಳು," ಎಂದಳು ಜಯಂತಿಬೆನ್. "ನನ್ನ ಮನೆಗೆ ಬಂದಾಗಿನಿಂದ ಬಾಯಿಬಿಟ್ಟು ಏನೂ ಕೇಳಿರಲಿಲ್ಲ, ಬೆನ್. ಕೂಸು ಹೋದಾಗಲೂ ಒಂದು ಮಾತಾಡಲಿಲ್ಲ. ಆಡು ತಿನ್ನೋದೋ ಮನುಷ್ಯರು ತಿನ್ನೋದೋ, ಕೇಳಿದ್ದಾಳಲ್ಲ! ನಾನೂ ತಿಂದು ನೋಡಿದೆ. ಬರೀ ಕಹಿ."

"ಕೊಟ್ಟರೆ ತಿರುಗಿ ರಾಶಿಗೆ ಇಡ್ತಾಳೆ," ಎಂದೆ ನಾನು.

"ನನಗೆ ಗೊತ್ತಿಲ್ವಾ? ಅದಕ್ಕೇ ದಿನಾ ಬೆಳಿಗ್ಗೆ ಅವಳ ಅಂಗೈಯಲ್ಲಿ ನಾನೇ ನಾಣ್ಯ ಇಟ್ಟು, ನಾನೇ ಇಸ್ಕೊಂಡು, ಮೊದಲ ಕಟ್ಟು ಅವಳಿಗೆ ಮಾರ್ತೀನಿ. ಬೋಣಿಯ ಮಾಲು ಗಾಡಿಗೆ ವಾಪಸು ಬರೋ ಹಾಗಿಲ್ಲ. ತಿನ್ನಲೇಬೇಕು." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನೆ ಡಾಕ್ಟರಮ್ಮ ರಕ್ತ ಏರಿದೆ ಅಂದರು. ಕೂಸೂ ಚೆನ್ನಾಗಿ ಬೆಳೀತಾ ಇದೆಯಂತೆ. ಇಷ್ಟು ಕೇಳಿಸಿಕೊಳ್ಳದೆ ಯಾವ ಮುಖ ಹೊತ್ತು ನಿಮ್ಮ ಬಾಗಿಲಿಗೆ ಬರಲಿ?"

ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ಜಗಳ ತೆಗೆದೆ. "ಹಾಗಾದರೆ ನನಗಿಂತ ಇವಳ ಕೈಗುಣ ಒಳ್ಳೆಯದು ಅನ್ನಿ!"

"ನಿಮ್ಮದು ಒಳ್ಳೆಯದೇ, ಬೆನ್. ಆದರೆ ಅವಳದು ಎರಡು ಜೀವದ ಕೈ."

ಒಳಗಿನಿಂದ ಹಾಲು ಸೀದ ವಾಸನೆ ಬರುತ್ತಿತ್ತು. ಬರಲಿ ಬಿಡು ಎಂದುಕೊಂಡು, ಆ ಗಾಡಿಯ ಎರಡನೆಯ ಗಿರಾಕಿಯಾಗಿ ಚೀಲ ಬಿಡಿಸಿ ಹಿಡಿದೆ.